ಕಮಿಷನ್ ಯಾರ ಕಿಸೆಯಿಂದ?

ಹೈದರಾಬಾದಿನ ಸುಲ್ತಾನ್ ಬಜಾರ್‌ಗೆ 1933ರವರೆಗೆ ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. ಕೋಠಿಯ ಬ್ರಿಟಿಷ್ ರೆಸಿಡೆನ್ಸಿಯ ಸುತ್ತ ಬೆಳೆದ ಪೇಟೆ ಇದು. ಆ ವರ್ಷ ಅದು ನಿಜಾಮರ ಆಡಳಿತಕ್ಕೆ ಮರಳಿತು, ಹೆಸರು ಬದಲಾಯಿತು, ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಇವತ್ತಿಗೂ ಬಡಿ ಚೌಡಿಯ ಕಡೆ ಸೀರೆ, ಬಳೆ, ಚಪ್ಪಲಿ. ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್. ಕೋಠಿಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕ. ಬೀದರ, ಕಲಬುರಗಿ, ರಾಯಚೂರಿನವರಿಗೆ 1956ರವರೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಈ ಪೇಟೆ ಅವರಿಗೆ ಹೊಸದಲ್ಲ. ಕನ್ನಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎರಡೂ ಹತ್ತಿರದ ಕಾಚಿಗುಡದಲ್ಲೇ ಇವೆ.

2020ರ ಫೆಬ್ರುವರಿ 7ರಂದು ಸುಲ್ತಾನ್ ಬಜಾರಿನ ಮಾರ್ಗಕ್ಕೆ ಮೆಟ್ರೊ ಬಂತು. ಇಲ್ಲಿ ಹತ್ತಿ, ಮುಂದಿನ ನಿಲ್ದಾಣವಾದ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ರೈಲು ಬದಲಿಸಿದರೆ ನೇರ ಅಮೀರ್‌ಪೇಟ್‌ನಲ್ಲಿ ಇಳಿಯಬಹುದು. ಅಮೀರ್‌ಪೇಟ್‌ನ ಸರಕೇ ಬೇರೆ. ಅಲ್ಲಿ ಮಾರುವುದು ತರಬೇತಿ. ಮೈತ್ರಿವನಂ ಸುತ್ತಮುತ್ತಲಿನ ಗೋಡೆಗಳ ತುಂಬ ಸಾಫ್ಟ್‌ವೇರ್ ಕೋರ್ಸುಗಳ ಬೋರ್ಡು, ಅವುಗಳ ನಡುವೆ ಡಿಜಿಟಲ್ ಮಾರ್ಕೆಟಿಂಗ್ ಕಲಿಸುವವರ ಬೋರ್ಡು. ಸರಕು ಮಾರಿಸಿಕೊಟ್ಟು ಗಳಿಸುವುದು ಒಂದು ಕಸುಬು, ಮಾರುವುದು ಹೇಗೆಂದು ಹೇಳಿಕೊಟ್ಟು ಗಳಿಸುವುದು ಇನ್ನೊಂದು. ಮೊಬೈಲಿನಲ್ಲಿ ಈ ಎರಡೂ ಒಂದೇ ಮುಖ ಹೊತ್ತು ಬರುತ್ತವೆ. ಅವನ್ನು ಬೇರ್ಪಡಿಸಿ ನೋಡುವುದಷ್ಟೇ ಈ ಅಧ್ಯಾಯದ ಕೆಲಸ.

ಅಫಿಲಿಯೇಟ್ ಮಾರ್ಕೆಟಿಂಗ್ ಎಂದರೆ ಕಮಿಷನ್ ವ್ಯಾಪಾರ. ನೀವು ಒಂದು ವಸ್ತುವಿನ ಬಗ್ಗೆ ಬರೆಯುತ್ತೀರಿ ಅಥವಾ ವಿಡಿಯೊ ಮಾಡುತ್ತೀರಿ, ಕೆಳಗೆ ನಿಮ್ಮ ಗುರುತಿರುವ ಲಿಂಕ್ ಹಾಕುತ್ತೀರಿ. ಅದನ್ನು ಒತ್ತಿ ಹೋದವರು ಕೊಂಡರೆ ಅಂಗಡಿಯವರು ನಿಮಗೆ ಶೇಕಡಾ ಇಷ್ಟೆಂದು ಕೊಡುತ್ತಾರೆ. ಅಮೆಜಾನ್ 1996ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿತು. ರಾಯಚೂರಿನ ಎಪಿಎಂಸಿಯಲ್ಲಿ ಅಡತ್ ಅಂಗಡಿ ಕಂಡವರಿಗೆ ಇದರಲ್ಲಿ ಬೆರಗಿನದೇನೂ ಇಲ್ಲ: ಕೊಳ್ಳುವವನನ್ನೂ ಮಾರುವವನನ್ನೂ ಸೇರಿಸಿದವನಿಗೆ ಒಂದು ಪಾಲು. ಲಿಂಕಿನಿಂದ ಕೊಂಡರೆ ಬೆಲೆ ಹೆಚ್ಚಾಗುತ್ತದೆಯೇ ಎಂದು ಕೇಳುವವರು ಬಹಳ. ಸಾಮಾನ್ಯವಾಗಿ ಇಲ್ಲ, ಅಂಗಡಿ ತನ್ನ ಜಾಹೀರಾತಿನ ಖರ್ಚಿನಲ್ಲಿ ಈ ಕಮಿಷನ್ ಕೊಡುತ್ತದೆ.

ಇದರ ಗಳಿಕೆ ಮಾತ್ರ ನಿಧಾನದ್ದು. ಒಂದು ಕಲ್ಪಿತ ಲೆಕ್ಕ ಹಾಕೋಣ. ಶೇಂಗಾ ಹಿಂಡಿ ಮಾಡಲು ಯಾವ ಮಿಕ್ಸರ್ ಒಳ್ಳೆಯದು ಎಂದು ಕಲಬುರಗಿಯ ಹೆಣ್ಣುಮಗಳೊಬ್ಬಳು ವಿಡಿಯೊ ಹಾಕಿದಳು. ಹತ್ತು ಸಾವಿರ ಜನ ನೋಡಿದರು, ಮುನ್ನೂರು ಜನ ಲಿಂಕ್ ಒತ್ತಿದರು, ಆರು ಜನ ಕೊಂಡರು, ಅವರಲ್ಲೊಬ್ಬರು ವಾಪಸ್ ಕಳಿಸಿದರು. ಮಿಕ್ಸರ್ 3,000 ರೂಪಾಯಿ, ಕಮಿಷನ್ ಶೇ. 5 ಎಂದಾದರೆ ಅವಳ ಪಾಲು 750. ಅದೂ ಲಿಂಕ್ ಒತ್ತಿದವರು ಬೇಗ ಕೊಂಡರೆ. ಅಮೆಜಾನ್ ಆ ಗುರುತನ್ನು 24 ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ಅಷ್ಟರೊಳಗೆ ವಸ್ತುವನ್ನು ಕಾರ್ಟಿಗೆ ಹಾಕದೆ, ಮನೆಯವರನ್ನು ಕೇಳಿ ಮೂರು ದಿನದ ಮೇಲೆ ತಾವಾಗಿಯೇ ಹೋಗಿ ಕೊಂಡರೆ ಅವಳಿಗೆ ಬಿಡಿಗಾಸೂ ಇಲ್ಲ. ನಡುವೆ ಬೇರೊಬ್ಬರ ಲಿಂಕ್ ಒತ್ತಿದ್ದರೆ ಸಾಮಾನ್ಯವಾಗಿ ಕಮಿಷನ್ ಆ ಕೊನೆಯವರಿಗೆ. ಇಂಥ ನೂರಾರು ವಿಡಿಯೊ, ವರ್ಷಗಟ್ಟಲೆ ನಂಬಿಕೆ ಕೂಡಿಬಂದಾಗ ಒಂದು ಸಂಬಳದಷ್ಟು ಆದೀತು. ಗೌರವದ ಕಸುಬು ಇದು, ಮತ್ತು ಕಷ್ಟದ್ದು.

ಆ ಕಷ್ಟದಿಂದಲೇ ಎರಡನೆಯ ಕಸುಬು ಹುಟ್ಟುತ್ತದೆ. ಮಿಕ್ಸರ್ ಮಾರಿಸಿ 150 ಬರುವ ಬದಲು ‘ಮನೆಯಲ್ಲೇ ಕೂತು ಗಳಿಸುವುದು ಹೇಗೆ’ ಎಂಬ ಕೋರ್ಸ್ ಮಾರಿದರೆ ಒಂದೇ ಗಿರಾಕಿಯಿಂದ ಸಾವಿರಾರು ಬರುತ್ತದೆ. ಸಲಹೆ ಮಾರುವುದು ತಪ್ಪೆಂದು ನಾನು ಹೇಳುವುದಿಲ್ಲ. ಅಮೀರ್‌ಪೇಟ್‌ನಲ್ಲಿ ಜಾವಾ ಕಲಿತು ಕೆಲಸ ಹಿಡಿದವನಿಗೆ ಸಂಬಳ ಕೊಡುವುದು ಯಾವುದೋ ಕಂಪನಿ. ಕಲಿಸಿದವರಿಗೆ ಫೀ ಸಿಕ್ಕಿತು, ಕಲಿತವನಿಗೆ ಹೊರಗಿನಿಂದ ದುಡ್ಡು ಬಂತು, ಲೆಕ್ಕ ಚುಕ್ತಾ.

ಎಡವುವುದು ಮುಂದಿನ ಮೆಟ್ಟಿಲಿನಲ್ಲಿ. ಕೋರ್ಸ್ ಕೊಂಡವನಿಗೆ ಮಾರಲು ಕೊಡುವ ವಸ್ತು ಅದೇ ಕೋರ್ಸ್ ಆಗಿದ್ದರೆ? ‘ಐದು ಸಾವಿರ ಕೊಟ್ಟು ಸೇರಿ, ಒಬ್ಬರನ್ನು ಸೇರಿಸಿದರೆ ಶೇ. 60 ನಿಮಗೇ’ ಎನ್ನುತ್ತಾರೆ. ‘ನಮ್ಮದು ಚೈನ್ ಅಲ್ಲ, ಒಂದೇ ಹಂತ, ನೀವು ಮಾರಿದ್ದಕ್ಕೆ ಮಾತ್ರ ಕಮಿಷನ್’ ಎಂದೂ ಸೇರಿಸುತ್ತಾರೆ. ವಿದ್ಯಾವಂತರೂ ಈ ಮಾತಿಗೆ ತಲೆದೂಗುತ್ತಾರೆ. ಈ ವಿಷಯದಲ್ಲೆಲ್ಲ ನನಗೆ ಬಹಳ ಪ್ರಿಯವಾದ ಲೆಕ್ಕ ಇಲ್ಲಿದೆ. ಪೆನ್ನು ಹಿಡಿದು ಓದಿ.

ಒಟ್ಟು ಸಾವಿರ ಜನ ಸೇರಿದ್ದಾರೆ ಎಂದುಕೊಳ್ಳಿ. ಮೊದಲನೆಯವನನ್ನು ಸಂಸ್ಥೆಯೇ ಸೇರಿಸಿಕೊಂಡಿತು. ಉಳಿದ ಪ್ರತಿಯೊಬ್ಬರನ್ನೂ ಯಾರೋ ಒಬ್ಬರು ಕರೆತಂದರು. ಹಾಗಾದರೆ ಕಮಿಷನ್ ಸಿಕ್ಕ ಮಾರಾಟ ಎಷ್ಟು? 999. ಮಾರಲು ಹೊರಟವರು ಎಷ್ಟು? ಒಂದು ಸಾವಿರ. ಅಂದರೆ ತಲೆಗೆ ಒಂದು ಮಾರಾಟವೂ ಪೂರ್ತಿ ದಕ್ಕುವುದಿಲ್ಲ! ಜನರನ್ನು ಲಕ್ಷಕ್ಕೇರಿಸಿ, ಕೋಟಿಗೇರಿಸಿ, ಹಂತ ಒಂದಿರಲಿ ಹತ್ತಿರಲಿ, ಸರಾಸರಿ ಒಂದನ್ನು ಮುಟ್ಟುವುದೇ ಇಲ್ಲ. ಕೊಂಡವನೇ ಮಾರುವವನೂ ಆಗಿರುವ ಕಡೆ ಇದು ತಪ್ಪದು.

ಈಗ ರೂಪಾಯಿಗೆ ಬನ್ನಿ. ಒಳಗೆ ಬಂದ ಹಣ 50 ಲಕ್ಷ. ಕಮಿಷನ್ ಆಗಿ ಹೊರಗೆ ಹೋದದ್ದು 999 ಸಲ 3,000, ಅಂದರೆ 29,97,000. ಉಳಿದ 20,03,000 ಸಂಸ್ಥೆಯದು. ಕೊಟ್ಟ ಐದು ಸಾವಿರ ವಾಪಸಾಗಬೇಕಾದರೆ ಒಬ್ಬೊಬ್ಬರೂ ಇಬ್ಬರನ್ನಾದರೂ ಸೇರಿಸಬೇಕು. 999 ಮಾರಾಟದಲ್ಲಿ ಹಾಗೆ ಗೆಲ್ಲಬಲ್ಲವರು ಹೆಚ್ಚೆಂದರೆ 499 ಜನ. ಎಲ್ಲರೂ ಹಗಲಿರುಳು ದುಡಿದರೂ, ಎಲ್ಲರೂ ಮಾತಿನ ಮಲ್ಲರಾದರೂ 501 ಜನ ಕಳೆದುಕೊಳ್ಳಲೇಬೇಕು. ನಿಜದಲ್ಲಿ ಮಾರಾಟ ಹೀಗೆ ಸಮನಾಗಿ ಹಂಚಿಹೋಗುವುದಿಲ್ಲವಾದ್ದರಿಂದ ಸೋಲುವವರು ಇನ್ನೂ ಹೆಚ್ಚು. ಒಬ್ಬಾಕೆ ಐವತ್ತು ಜನರನ್ನು ಸೇರಿಸಿ ಒಂದೂವರೆ ಲಕ್ಷ ಗಳಿಸಿದ ಸ್ಕ್ರೀನ್‌ಶಾಟ್ ತೋರಿಸಿದರೆ ಅದು ಸುಳ್ಳಾಗಿರಬೇಕಿಲ್ಲ. ಆದರೆ ತಲೆಗೊಂದರಂತೆ ಇನ್ನು ನಲವತ್ತೊಂಬತ್ತು ಜನರಿಗೆ ಬರಬಹುದಾಗಿದ್ದ ಮಾರಾಟ ಅವಳ ಖಾತೆಗೆ ಹೋಗಿದೆ. ಕಮಿಷನ್ ಶೇ. 90ಕ್ಕೆ ಏರಿಸಿದರೂ ಕತೆ ಬದಲಾಗದು. ಆಗಲೂ ಇಬ್ಬರು ಬೇಕು. ‘ನೀನು ಪ್ರಯತ್ನ ಹಾಕಲಿಲ್ಲ’ ಎಂದು ಸೋತವನನ್ನು ನಾಚಿಸುವವರಿಗೆ ಈ ಲೆಕ್ಕ ತೋರಿಸಬೇಕು. ಅವನ ಸೋಲು ಪ್ರಯತ್ನಕ್ಕೆ ಮೊದಲೇ ಬರೆದಿತ್ತು.

ಮಿಕ್ಸರಿನ ಕಡೆ ತಿರುಗಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಮಿಕ್ಸರ್ ಕೊಂಡವರು ಹಿಂಡಿ ಮಾಡಿಕೊಂಡು ಉಂಡರು. ಅವರು ಇನ್ನೊಬ್ಬರಿಗೆ ಮಿಕ್ಸರ್ ಮಾರಬೇಕಿಲ್ಲ. ಕೊಳ್ಳುವವರ ಸಂಖ್ಯೆಗೂ ಮಾರಿಸುವವರ ಸಂಖ್ಯೆಗೂ ಗಂಟು ಇಲ್ಲದ್ದರಿಂದ ಹತ್ತು ಜನ ಮಾರಿಸುವವರು ಸಾವಿರ ಮಾರಾಟ ಮಾಡಿಸಬಹುದು, ಯಾರ ಕಿಸೆಗೂ ಕತ್ತರಿ ಬೀಳದೆ.

ನ್ಯಾಯಾಲಯಗಳೂ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೇ ಕೇಳಿವೆ. ಬಹುಮಾನ ಚೀಟಿ, ಹಣ ಪರಿಚಲನೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರದು. 2007ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆಮ್ವೇ ಕಂಪನಿಯ ಅರ್ಜಿಯನ್ನು ವಜಾ ಮಾಡಿ, ಅದರ ಆಗಿನ ಸದಸ್ಯತ್ವದ ಯೋಜನೆ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. ಆ ಹೈಕೋರ್ಟ್ ಆಗ ಇದ್ದದ್ದು ಸುಲ್ತಾನ್ ಬಜಾರಿನಿಂದ ಸ್ವಲ್ಪವೇ ದೂರದಲ್ಲಿ, ಮೂಸಿ ನದಿಯ ದಂಡೆಯಲ್ಲಿ. 2019ರ ಮಾರ್ಚ್‌ನಲ್ಲಿ ಸೈಬರಾಬಾದ್ ಪೊಲೀಸರು ನೋಯ್ಡಾದ ಇ-ಬಿಜ್ ಕಂಪನಿಯ ಮೇಲೆ ಕ್ರಮ ಕೈಗೊಂಡರು. ಅದು ಮಾರುತ್ತಿದ್ದದ್ದು ಇ-ಲರ್ನಿಂಗ್ ಕೋರ್ಸ್. ಹದಿನೇಳು ಸಾವಿರದಷ್ಟು ಕಟ್ಟಿ ಸೇರಿದವರು ಇತರರನ್ನು ಸೇರಿಸಿ ಕಮಿಷನ್ ಪಡೆಯಬೇಕಿತ್ತು ಎಂಬುದು ಪೊಲೀಸರ ಆರೋಪ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ಹೆಸರೆತ್ತಿಯೇ ನಿಷೇಧಿಸಿವೆ. ಪ್ರಾಮಾಣಿಕ ಅಫಿಲಿಯೇಟ್‌ಗೂ ಒಂದು ಕರ್ತವ್ಯ ಇದೆ: 2022ರ ಕೇಂದ್ರ ಮಾರ್ಗಸೂಚಿಯಂತೆ ಕಂಪನಿಯೊಡನೆ ತನಗಿರುವ ಲಾಭದ ನಂಟನ್ನು ನೋಡುಗರಿಗೆ ತಿಳಿಸಬೇಕು. ‘ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂಬ ಒಂದು ಸಾಲು ಬರೆದರೆ ವಿಶ್ವಾಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಹಾಗಾದರೆ ಮಾರ್ಕೆಟಿಂಗ್ ಕಲಿಯುವುದೇ ಬೇಡವೇ? ಖಂಡಿತ ಬೇಕು. ಕಲಿಸುವವರನ್ನು ಹೀಗೆ ಕೇಳಿ: ‘ಸರ್, ಈ ಕೋರ್ಸಿನ ಮಾರಾಟ ಬಿಟ್ಟು ನಿಮ್ಮ ಗಳಿಕೆ ಎಷ್ಟು? ನಿಮ್ಮ ಹಳೆಯ ವಿದ್ಯಾರ್ಥಿಗಳು ಈಗ ಏನು ಮಾರಿಸುತ್ತಿದ್ದಾರೆ?’ ಸೀರೆ, ಮಿಕ್ಸರ್, ಪುಸ್ತಕ, ರೈತನ ತೊಗರಿ ಎಂದರೆ ಮಾತು ಮುಂದುವರಿಸಿ. ಉತ್ತರ ಮತ್ತೆ ಕೋರ್ಸಿಗೇ ಬಂದು ನಿಂತರೆ ದುಡ್ಡು ಕಟ್ಟಬೇಡಿ.

ಕಲಬುರಗಿ, ರಾಯಚೂರು, ಬಳ್ಳಾರಿಯ ವಾಣಿಜ್ಯ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ ಇದೆ. ನಿಮ್ಮ ಪ್ರಾಜೆಕ್ಟಿಗೆ ಈ ವಿಷಯ ತೆಗೆದುಕೊಳ್ಳಿ. ಇಂಥ ಕೋರ್ಸ್ ಕೊಂಡ ನಿಮ್ಮ ಊರಿನವರನ್ನು, ಸಾಧ್ಯವಾದರೆ ಕಾಚಿಗುಡ, ಕೋಠಿಯ ಕನ್ನಡ ಮನೆಗಳವರನ್ನೂ ಮಾತಾಡಿಸಿ. ಎಷ್ಟು ಕಟ್ಟಿದರು, ಎಷ್ಟು ಮರಳಿತು, ಅದು ಯಾರಿಂದ ಬಂತು ಎಂಬ ಮೂರನ್ನು ಹೆಸರು ಬಿಟ್ಟು ಬರೆದಿಡಿ. ಗೆದ್ದವರನ್ನೂ ಕೇಳಿ, ನಾಚಿ ಸುಮ್ಮನಿರುವ ಸೋತವರನ್ನು ಬಿಡದೆ ಕೇಳಿ. ಆ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ.