ಮೊದಲು ಗ್ವಾದಲಿ, ಆಮೇಲೆ ಗಂಗಾಳ

ನಮ್ಮ ಮನೆಯಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿದೆ. ಗ್ವಾದಲಿಗೆ ಮೇವು ಬೀಳುವ ತನಕ ಗಂಗಾಳಕ್ಕೆ ರೊಟ್ಟಿ ಬೀಳುವುದಿಲ್ಲ. ದೂರದ ಊರಿನ ಮಕ್ಕಳಿಗೆ ಈ ಎರಡು ಮಾತು ಹೊಸದಿರಬಹುದು. ಗ್ವಾದಲಿ ಎಂದರೆ ದನಗಳಿಗೆ ಮೇವು ಹಾಕುವ ಜಾಗ. ಗಂಗಾಳ ಎಂದರೆ ನಾವು ಉಣ್ಣುವ ತಾಟು. ದನ ಹಸಿದಿರುವಾಗ ಮನೆಯವರು ಉಣ್ಣಬಾರದು ಎಂಬುದು ಇದರ ಅರ್ಥ. ಈ ನಿಯಮ ನನ್ನ ಅವ್ವ ಕಲಿಸಿದ್ದು. ಅದರ ಇನ್ನರ್ಧ ಅರ್ಥವನ್ನು ಎಪ್ಪತ್ತು ದಾಟಿದ ಮೇಲೆ ನನಗೆ ಕಲಿಸಿದವಳು ಆರನೇ ತರಗತಿಯ ಮೊಮ್ಮಗಳು. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ಊರಿನಿಂದ ಸ್ವಲ್ಪ ದೂರ ಹೊಲದಲ್ಲೇ ಮನೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಬೇರೆಯವರ ದುಡ್ಡು ಎಣಿಸಿದೆ. ನಿವೃತ್ತಿಯಾದ ಮೇಲೆ ಅಣ್ಣನ ಜೊತೆ ಇರಲು ಹೊಲದ ಮನೆಗೆ ಬಂದೆ. ಅಣ್ಣ, ವೈನಿ, ಅವರ ಮಗ, ಸೊಸೆ, ನಾನು, ನನ್ನ ಹೆಂಡತಿ ಸೇರಿ ಆರು ಜನ. ಉಳಿದವರೆಲ್ಲ ನಾಲ್ಕು ಕಾಲಿನವರು: ಒಂದು ಜೋಡಿ ಎತ್ತು, ಒಂದು ಹಸು ಮತ್ತು ಅದರ ಕರು, ಒಂದು ಎಮ್ಮೆ, ಐದು ಆಡು, ಒಂದು ನಾಯಿ. ಕೋಳಿಗಳ ಲೆಕ್ಕ ವೈನಿಗೇ ಗೊತ್ತು.

ಎತ್ತುಗಳೂ ಹಸುವೂ ದೇವಣಿ ತಳಿಯವು. ದೇವಣಿ ಎಂಬುದು ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಒಂದು ಊರು. ಆ ಸೀಮೆಯಲ್ಲೂ ನಮ್ಮ ಬೀದರ, ಕಲಬುರಗಿ ಕಡೆಯಲ್ಲೂ ಈ ದನಗಳು ಹೆಚ್ಚು. ಇವುಗಳಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿ ಇದ್ದರೆ ಬಾಳಂಕ್ಯಾ, ಬಿಳಿ ಮೈಗೆ ಕಪ್ಪು ಮುಖವಿದ್ದರೆ ವಾನ್ನೇರಾ, ಬಿಳಿ ಮೈಮೇಲೆ ಕಪ್ಪು ಮಚ್ಚೆಗಳಿದ್ದರೆ ಶೇವರಾ. ನಮ್ಮ ಎತ್ತು ಸೋಮ, ಬಸವ ಇಬ್ಬರೂ ವಾನ್ನೇರಾ. ಹಸು ಗೌರಿಯ ಮೈಮೇಲೆ ಮಾತ್ರ ಯಾರೋ ಮಸಿ ಚೆಲ್ಲಿದಂತೆ ಮಚ್ಚೆಗಳು.

ಬೆಳಗ್ಗೆ ಐದಕ್ಕೆ ಮನೆ ಏಳುತ್ತದೆ. ಅಲಾರಾಂ ಬೇಕಿಲ್ಲ, ಕರು ಒದರುತ್ತದೆ. ಸೊಸೆ ಮೊದಲು ಹೆಂಡಿ ಬಳಿದು ಬುಟ್ಟಿಯಲ್ಲಿ ತಿಪ್ಪೆಗೆ ಒಯ್ಯುತ್ತಾಳೆ. ಅಷ್ಟರಲ್ಲಿ ನಾನು ಬಣವೆಯಿಂದ ಜೋಳದ ಕಣಿಕೆ ಹಿರಿದು ತಂದು ಕತ್ತರಿಸಿ, ತೊಗರಿ ಹೊಟ್ಟು ಬೆರೆಸಿ ಗ್ವಾದಲಿಗೆ ಹಾಕುತ್ತೇನೆ. ಹಾಲು ಹಿಂಡುವ ಗೌರಿಗೂ ಎಮ್ಮೆಗೂ ಹಿಂದಿನ ರಾತ್ರಿ ನೆನೆಸಿಟ್ಟ ಹಿಂಡಿ. ವೈನಿ ಕರುವನ್ನು ಬಿಟ್ಟು ಸ್ವಲ್ಪ ಹೊತ್ತು ಕುಡಿಸಿ, ಹಸು ತೊರೆ ಬಿಟ್ಟ ಮೇಲೆ ಹಿಂಡಲು ಕೂರುತ್ತಾಳೆ. ಕೊನೆಗೆ ಒಂದಿಷ್ಟು ಹಾಲು ಕರುವಿಗೇ ಉಳಿಸುತ್ತಾಳೆ. ಇದೆಲ್ಲ ಮುಗಿದ ಮೇಲೆ ನಮ್ಮ ಚಹಾ.

ರಜೆಗೆ ಬಂದ ಮಕ್ಕಳಿಗೂ ಕೆಲಸ ಉಂಟು. ಆಡಿಗೆ ಸೊಪ್ಪು ಕಟ್ಟುವುದು, ಕೋಳಿ ಮುಚ್ಚುವುದು, ಕರುವಿನ ಮೈ ತಿಕ್ಕುವುದು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನ್ನ ಕೆಲಸ. ಹಸು ಸುಮಾರು 280 ದಿನ ಗರ್ಭ ಹೊರುತ್ತದೆ, ಎಮ್ಮೆ ಸುಮಾರು 310, ಆಡು 150. ನಾನು ಇವನ್ನು ಮುದ್ದತ್ತಿನ ಠೇವಣಿ ಎನ್ನುತ್ತೇನೆ. ಅವಧಿಗೆ ಮೊದಲು ಮುರಿಯಬಾರದು! ಕರು ಹುಟ್ಟಿದ ಒಂದೆರಡು ತಾಸಿನೊಳಗೆ ಅದಕ್ಕೆ ಗಿಣ್ಣದ ಹಾಲು ಕುಡಿಸಲೇಬೇಕು. ರೋಗ ತಡೆಯುವ ಶಕ್ತಿ ಅದರಲ್ಲಿದೆ. ದನಗಳಿಗೆ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲುಗಳೇ ಇಲ್ಲ ಎಂದರೆ ಮಕ್ಕಳು ನಂಬುವುದಿಲ್ಲ, ಬಾಯಿ ತೆರೆಸಿ ನೋಡುತ್ತಾರೆ. ಕೆಳಗೆ ಎಂಟು ಹಲ್ಲು. ಸುಮಾರು ಎರಡು ವರ್ಷಕ್ಕೆ ಎರಡು ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬರುತ್ತವೆ. ನಾಲ್ಕೈದು ವರ್ಷಕ್ಕೆ ಎಂಟೂ ಬಂದರೆ ‘ಬಾಯಿಗೂಡಿತು’ ಎನ್ನುತ್ತೇವೆ. ಸಂತೆಯಲ್ಲಿ ಎತ್ತಿನ ವಯಸ್ಸು ಹೇಳುವ ದಾಖಲೆ ಅದೇ.

ಎಲ್ಲಕ್ಕಿಂತ ದೊಡ್ಡ ಕೆಲಸ ನೀರು. ನಮ್ಮ ಕಡೆಯ ಬೇಸಿಗೆಯಲ್ಲಿ ದೊಡ್ಡ ದನವೊಂದು ದಿನಕ್ಕೆ ನಲವತ್ತು, ಐವತ್ತು ಲೀಟರ್ ನೀರು ಕುಡಿಯುತ್ತದೆ. ನೀರಿನ ವಿಷಯದಲ್ಲೇ ನಾನು ಹುಡುಗನಾಗಿದ್ದಾಗ ಒಂದು ತಪ್ಪು ಮಾಡಿದ್ದೆ.

ಆಗ ನನಗೆ ಹತ್ತು ವರ್ಷವಿರಬೇಕು. ಬಾವಿಯಿಂದ ಸೇದಿ ಕಲ್ಲಿನ ದೋಣಿ ತುಂಬಿಸುವುದು ನನ್ನ ಪಾಲಿನ ಕೆಲಸ. ಅಂದು ಚಿಣ್ಣಿ-ದಾಂಡು ಆಟದಲ್ಲಿ ಮೈಮರೆತು ಕತ್ತಲಾದ ಮೇಲೆ ಮನೆಗೆ ಬಂದೆ.

“ತಮ್ಮಾ, ದನಕ್ಕ ನೀರ್ ಕುಡಿಸ್ದೇನು?” ಅವ್ವ ಕೇಳಿದಳು.

“ಹೂಂ ಅವ್ವಾ, ಕುಡಿಸೀನಿ,” ಎಂದು ಗಂಗಾಳದ ಮುಂದೆ ಕೂತೆ.

ಅವ್ವ ಏನೂ ಅನ್ನದೆ ಎದ್ದು ಹೋಗಿ ದೋಣಿಯ ತಳಕ್ಕೆ ಕೈ ಹಚ್ಚಿ ನೋಡಿದಳು. ಒಣಗಿತ್ತು. ಬೈಯಲಿಲ್ಲ, ಹೊಡೆಯಲಿಲ್ಲ. ಬಡಿಸಿದ ಗಂಗಾಳಗಳನ್ನೆಲ್ಲ ಮುಚ್ಚಿಟ್ಟಳು. ಅಪ್ಪ, ಅಣ್ಣ, ಅಕ್ಕ ಎಲ್ಲರೂ ಕಾಯುತ್ತ ಕೂತರು. ನಾನು ಬೆಳದಿಂಗಳಲ್ಲಿ ಕೊಡದ ಮೇಲೆ ಕೊಡ ಸೇದಿದೆ. ಎತ್ತುಗಳು ತಲೆ ಎತ್ತದೆ ಕುಡಿದವು. ಆ ಸಪ್ಪಳ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಎಲ್ಲರೂ ಉಂಡೆವು. ಆ ಸುಳ್ಳಿನ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ 1972ರ ಬರ ಬಂತು. ಹಿರಿಯ ಓದುಗರಿಗೆ ಅದರ ನೆನಪಿರುತ್ತದೆ. ಕಣಿಕೆ ಇಲ್ಲ, ಬಾವಿಯಲ್ಲಿ ನೀರಿಲ್ಲ. ಇಂದು ಮಳೆ ಬಂದೀತು, ನಾಳೆ ಬಂದೀತು ಎಂದು ಅಪ್ಪ ಎತ್ತುಗಳನ್ನು ಇಟ್ಟುಕೊಂಡೇ ಕಾದರು. ಮನೆಯ ಮಾಡಿನ ಹುಲ್ಲನ್ನೂ ಕಿತ್ತು ಹಾಕಿದರು. ಕೊನೆಗೆ ಪಕ್ಕೆಲುಬು ಎಣಿಸುವಂತಾದ ಎತ್ತುಗಳನ್ನು ಬಂದ ಬೆಲೆಗೆ ಕೊಟ್ಟರು. ಅವು ನಾಲ್ಕು ಹೆಜ್ಜೆ ಹಾಕಿ ನಿಂತು, ಮತ್ತೆ ನಾಲ್ಕು ಹೆಜ್ಜೆ ಹಾಕಿದ್ದನ್ನು ಅಣ್ಣ ಕಣ್ಣಾರೆ ಕಂಡ. ಆ ರಾತ್ರಿ ಅಪ್ಪ ಉಣ್ಣಲಿಲ್ಲವೆಂದು ಅಣ್ಣ ಆಗಾಗ ಹೇಳುತ್ತಾನೆ.

ಬ್ಯಾಂಕಿಗೆ ಸೇರಿದ ಮೇಲೂ ದನಗಳು ನನ್ನನ್ನು ಬಿಡಲಿಲ್ಲ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಎಮ್ಮೆ, ಆಡು, ಕುರಿಗಳಿಗೆ ಸಾಲ, ಜೊತೆಗೆ ಸಹಾಯಧನ. ಜೇವರ್ಗಿ, ಅಫಜಲಪುರ ಎರಡೂ ಕಡೆ ನಾನು ಆ ಸಾಲದ ಲೆಡ್ಜರ್ ಬರೆದವನು. ವಿಮೆ ಮಾಡಿದ ಎಮ್ಮೆಯ ಕಿವಿಗೆ ಬಿಲ್ಲೆ ಇರುತ್ತಿತ್ತು. ಎಮ್ಮೆ ಸತ್ತರೆ ಆ ಬಿಲ್ಲೆ ತಂದು ತೋರಿಸಬೇಕು. ಈಗ ಎಲ್ಲ ದನಗಳಿಗೂ 12 ಅಂಕಿಗಳ ಹಳದಿ ಬಿಲ್ಲೆ ಬಂದಿದೆ. ಗೌರಿಯ ಕಿವಿಯಲ್ಲೂ ಇದೆ.

ಒಮ್ಮೆ ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯೊಂದಕ್ಕೆ ಸಾಲದ ಎಮ್ಮೆ ನೋಡಲು ಸಾಹೇಬರ ಜೊತೆ ಹೋಗಿದ್ದೆ. ಬಿಸಿಲು ನೆತ್ತಿಗೇರಿತ್ತು. ಆ ಮನೆಯ ಹೆಣ್ಣುಮಗಳು ಹೊರೆ ಹೊತ್ತು ಬಂದಳು. “ಒಂದೀಟು ಕೂಡ್ರಿ ಸಾಹೇಬರ, ಇದಕ್ಕ ಹಾಕಿ ಬರ್ತೀನಿ,” ಎಂದು ಎಮ್ಮೆಗೆ ಮೇವು ಹಾಕಿ, ನೀರು ಕುಡಿಸಿ, ಆಮೇಲೆ ಕೈ ತೊಳೆದು ನಮಗೆ ನೀರು ಕೊಟ್ಟಳು. ಹಿಂತಿರುಗುವಾಗ ಸಾಹೇಬರು, “ಈ ಸಾಲಕ್ಕೆ ಭಯವಿಲ್ಲ ಬಿಡ್ರಿ,” ಎಂದರು. ಅವಳ ಕಂತು ಒಂದೇ ಒಂದು ಸಲ ತಡವಾಯಿತು. ಅದನ್ನೂ ಮೊದಲೇ ಬಂದು ಹೇಳಿ ಹೋಗಿದ್ದಳು.

ಇನ್ನು ಮೊಮ್ಮಗಳ ಮಾತು. ಅವಳಿರುವುದು ಹೈದರಾಬಾದಿನಲ್ಲಿ. ಕಳೆದ ವರ್ಷ ಬೇಸಿಗೆ ರಜೆಗೆ ಬಂದಾಗ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಅವಳಿಗೆ ಖಾತೆ ಬರೆಯುವುದನ್ನು ಕಲಿಸಿದೆ. ಬೆಳಗ್ಗೆ ಎಷ್ಟು ಹಾಲು, ಎಷ್ಟು ಮೊಟ್ಟೆ, ಯಾರಿಗೆ ಎಷ್ಟು ಬಕೆಟ್ ನೀರು. ಕಂಡದ್ದನ್ನೇ ಬರೆಯಬೇಕು, ಅಂದಾಜಿನಲ್ಲಿ ಬರೆಯಬಾರದು ಎಂಬುದು ನನ್ನ ಒಂದೇ ಷರತ್ತು. ವಾರಕ್ಕೊಮ್ಮೆ ನಾನು ತಪಾಸಣೆ ಮಾಡಿ ಸಹಿ ಹಾಕುತ್ತಿದ್ದೆ.

ಎತ್ತುಗಳ ಕೆಲಸ ಮಾತ್ರ ಅಣ್ಣ ಯಾರಿಗೂ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಅವನ್ನು ಬೇವಿನ ಮರದ ಕೆಳಗೆ ಕಟ್ಟುತ್ತಿದ್ದೆವು. ಮೊದಲೆಲ್ಲ ಹಗ್ಗ ಹಿಡಿದು ಕೊಳವೆಬಾವಿಯ ತೊಟ್ಟಿಗೆ ನಡೆಸಿಕೊಂಡು ಹೋಗುತ್ತಿದ್ದ. ಒಮ್ಮೆ ಬಸವ ಜಗ್ಗಿದ್ದಕ್ಕೆ ಅಣ್ಣ ಬಿದ್ದು ಮೊಣಕಾಲು ಕೆಡಿಸಿಕೊಂಡ ಮೇಲೆ ಬಕೆಟ್‌ನಲ್ಲಿ ಒಯ್ದು ಕುಡಿಸತೊಡಗಿದ. ತೊಟ್ಟಿಯಿಂದ ಮರಕ್ಕೆ ನೂರು ಹೆಜ್ಜೆ. ನಾವು ಯಾರಾದರೂ ಬಕೆಟ್ ಮುಟ್ಟಿದರೆ, “ಇನ್ನೂ ನನ್ನ ಕೈಯಾಗ ಆಗ್ತದ,” ಎನ್ನುತ್ತಿದ್ದ. ಅಣ್ಣನಿಗೆ ಎಪ್ಪತ್ತೆಂಟು.

ಮೇ ಕೊನೆಯ ವಾರ ನೋಟ್‌ಬುಕ್ ತಪಾಸಣೆಗೆ ಕೂತೆ. ‘ಎತ್ತು’ ಎಂಬ ಕಾಲಮ್ಮಿನಲ್ಲಿ ಮೊದಲ ದಿನಗಳಲ್ಲೆಲ್ಲ ಜೋಡಿಗೆ 7 ಬಕೆಟ್ ಇತ್ತು. ಆಮೇಲೆ 6, 5. ಕೊನೆಯ ಮೂರು ದಿನ 4. ಬಿಸಿಲು ಏರುತ್ತಿದೆ, ನೀರು ಇಳಿಯುತ್ತಿದೆ. ಬರೆಯುವಾಗ ತಪ್ಪಿದ್ದಾಳೆಂದು ಕರೆದು ಕೇಳಿದೆ.

ಹುಡುಗಿ ತಲೆ ತಗ್ಗಿಸಿದಳು. “ತಪ್ಪಿಲ್ಲ ಮುತ್ಯಾ. ದೊಡ್ಡ ಮುತ್ಯಾನ ಮೊಣಕಾಲು ಭಾಳ ಬ್ಯಾನಿ ಆಗ್ಯಾದ. ನಾಕೇ ಬಕೆಟ್ ಒಯ್ದಾರ. ಯಾರಿಗೂ ಹೇಳಬ್ಯಾಡ ಅಂದಾರ. ನಾ ಹೇಳಿಲ್ಲ, ಬರದೀನಿ ಅಷ್ಟೇ.”

ನಾನು ಎದ್ದು ಮರದ ಹತ್ತಿರ ಹೋದೆ. ಬಕೆಟ್‌ನ ತಳ ಒಣಗಿತ್ತು. ಸೋಮ ಅದರ ಅಂಚನ್ನು ನೆಕ್ಕುತ್ತಿದ್ದ. ಆ ರಾತ್ರಿ ಅಣ್ಣನ ಮಗನೂ ನಾನೂ ಸೇರಿ ಎತ್ತುಗಳಿಗೆ ಹೊಟ್ಟೆ ತುಂಬ ಕುಡಿಸಿದೆವು. ಅಣ್ಣ ಹೊರಸಿನ ಮೇಲೆ ಕೂತು ನೋಡುತ್ತಿದ್ದ. ನಾನು ಏನೂ ಕೇಳಲಿಲ್ಲ. ಹತ್ತು ವರ್ಷದವನಾಗಿದ್ದಾಗ ನನ್ನನ್ನು ಅವ್ವ ಕೇಳಿರಲಿಲ್ಲ, ಎಪ್ಪತ್ತೆಂಟರ ಅಣ್ಣನನ್ನು ನಾನು ಹೇಗೆ ಕೇಳಲಿ?

ಮರುದಿನ ಅಣ್ಣನೇ ಮಾತು ತೆಗೆದ. “ತಮ್ಮಾ, ಕೊಟ್ಟುಬಿಡೂನು. ಬಿತ್ತೂದು, ಹರಗೂದು ಎಲ್ಲಾ ಟ್ರ್ಯಾಕ್ಟರ್ ಮಾಡ್ಲಿಕತ್ತದ. ಅಪ್ಪ ಭಾಳ ತಡಾ ಮಾಡಿದ. ನಾ ಅಷ್ಟು ತಡಾ ಮಾಡಾಂಗಿಲ್ಲ. ಮೈಯಾಗ ಕಸುವು ಇದ್ದಾಗ್ಲೇ, ದುಡಿಸಿಕೊಂಡು ಹಾಕುವವರ ಮನಿಗೆ ಹೋಗ್ಲಿ.”

ಅಣ್ಣನ ಮಗ ತಾನು ನೋಡಿಕೊಳ್ಳುತ್ತೇನೆ ಎಂದ. ಆದರೆ ಹೊಲ, ಹಾಲಿನ ಡೇರಿ, ಆಳುಕಾಳು ಎಲ್ಲಕ್ಕೂ ಅವನೊಬ್ಬನೇ. ನಮ್ಮೆಲ್ಲರ ಕೈ ಎಣಿಸಿದೆವು, ಕೆಲಸ ಎಣಿಸಿದೆವು. ಲೆಕ್ಕ ಕೂಡಲಿಲ್ಲ. ವ್ಯಾಪಾರಿಯೊಬ್ಬ ಬಂದು ಒಳ್ಳೆಯ ಬೆಲೆಯನ್ನೇ ಹೇಳಿದ. ಅವನು ಎತ್ತುಗಳನ್ನು ಎಲ್ಲಿಗೆ ಒಯ್ಯುವನೋ ತಿಳಿಯಲಿಲ್ಲ. ಅಣ್ಣ ಒಪ್ಪಲಿಲ್ಲ. ಕೊನೆಗೆ ಜೇವರ್ಗಿ ಕಡೆಯ ರೈತರೊಬ್ಬರು ಬಂದರು. ಈಗಲೂ ಎತ್ತು ಹೂಡಿ ಕೂರಿಗೆಯಿಂದ ಬಿತ್ತುವವರು. ಬಾಯಿ ತೆರೆದು ಹಲ್ಲು ನೋಡಿದರು, ಗೊರಸು ನೋಡಿದರು, ಆಮೇಲೆ ಕೇಳಿದ್ದು ಒಂದೇ ಮಾತು: “ಯಾವ ಮೇವು ರೂಢಿ ಅದರೀ ಇವಕ್ಕ?” ಅಣ್ಣ ವ್ಯಾಪಾರಿ ಹೇಳಿದ್ದಕ್ಕಿಂತ ಐದು ಸಾವಿರ ಕಡಿಮೆಗೆ ಮಾತು ಕೊಟ್ಟ. ಒಂದೇ ಕರಾರು: ಕಾರಹುಣ್ಣಿಮೆ ಮಾಡಿ ಕಳಿಸುತ್ತೇವೆ.

ಆ ವರ್ಷ ಮೊಮ್ಮಗಳ ಶಾಲೆ ತೆರೆಯುವ ಮುನ್ನವೇ ಕಾರಹುಣ್ಣಿಮೆ ಬಂತು. ಅವಳೂ ಅಣ್ಣನೂ ಕೂಡಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಕೊರಳಿಗೆ ಗೆಜ್ಜೆ ಹಾಕಿದರು. ವೈನಿ ಹೋಳಿಗೆ ತಿನ್ನಿಸಿದಳು. ಮರುದಿನ ಬೆಳಗ್ಗೆ ರೈತರು ಹೊಸ ಹಗ್ಗ ತಂದಿದ್ದರು. ಹಳೆಯ ಹಗ್ಗ ಕೊಡದೆ ಉಳಿಸಿಕೊಳ್ಳುವುದು ನಮ್ಮ ಮನೆಯ ರೂಢಿ. ಅಣ್ಣ ಕೈಯಾರೆ ಹಗ್ಗ ಬಿಚ್ಚಿ ಮಡಚಿ ಗೂಟಕ್ಕೆ ಹಾಕಿದ. ಎತ್ತುಗಳು ಟೆಂಪೊ ಹತ್ತಿದವು.

ಸಂಜೆ ಅಣ್ಣ ರೂಢಿಯಂತೆ ಬಕೆಟ್ ಹಿಡಿದು ಮರದ ಕಡೆ ಹತ್ತು ಹೆಜ್ಜೆ ಹೋಗಿ, ನಿಂತು, ಹಿಂದಕ್ಕೆ ಬಂದ. ವೈನಿ ಗಂಗಾಳ ಇಟ್ಟರೂ ಬಂದು ಕೂರಲಿಲ್ಲ. ಹಸು, ಎಮ್ಮೆ, ಆಡುಗಳಿಗೆಲ್ಲ ಹಾಕಿ ಆಗಿತ್ತು. ಆದರೂ ಮನೆಯಲ್ಲಿ ಯಾರಿಗೂ ತುತ್ತು ಎತ್ತುವ ಮನಸ್ಸಿಲ್ಲ.

ಮೊಮ್ಮಗಳು ನೋಟ್‌ಬುಕ್ ಹಿಡಿದು ಬಂದಳು. “ಮುತ್ಯಾ, ಎತ್ತಿನ ಕಾಲಮ್ ಖಾಲಿ ಅದ. ಫೋನ್ ಹಚ್ಚಿ ಕೇಳ್ರಿ.”

ಫೋನ್ ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ. ಆ ಕಡೆಯಿಂದ ರೈತರ ದನಿ ಬಂತು: “ಹೂಂನ್ರೀ, ಸುಖವಾಗಿ ಮುಟ್ಯಾವ. ಬಂದ ಕೂಡಲೇ ಜೋಡಿಗೆ ಎಂಟು ಬಕೆಟ್ ಕುಡದಾವ. ಈಗ ಕಣಿಕೆ ಮೇಯಲಿಕತ್ತಾವ. ನಾವು ಈಗ ಉಣ್ಣಾಕ ಕೂತೀವ್ರಿ.”

ಅವಳು ಆ ದಿನದ ಸಾಲಿನಲ್ಲಿ ‘8’ ಎಂದು ಬರೆದಳು. ನಾನು ಸಹಿ ಹಾಕಿದೆ. ಅಣ್ಣ ಕೈ ತೊಳೆದು ಬಂದು ಗಂಗಾಳದ ಮುಂದೆ ಕೂತ.