ತಪ್ಪೆಲ್ಲ ಸರ್ವರ್ ತಲೆಗೆ

ಜವಳಗೇರಾ, ಸಿಂಧನೂರು ಕಡೆಯ ಅಕ್ಕಿ ಗಿರಣಿಯ ಆಫೀಸಾಗಲಿ, ಪಹಣಿ ತೆಗೆದುಕೊಡುವ ಆನ್‌ಲೈನ್ ಸೆಂಟರಾಗಲಿ, ಇರುವ ಕಂಪ್ಯೂಟರುಗಳೆಲ್ಲ ಒಂದೇ ಬಗೆಯವಾಗಿರುವುದು ಅಪರೂಪ. ಲೆಕ್ಕಕ್ಕೆ ವಿಂಡೋಸ್, ಮೂಲೆಯಲ್ಲಿ ಉಬುಂಟು ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪ್, ಬೆಂಗಳೂರಿನಿಂದ ರಜೆಗೆ ಬಂದ ಮಗನ ಮ್ಯಾಕ್. ಎಲ್ಲಕ್ಕೂ ಒಂದೇ ಫೋಲ್ಡರ್ ಕಾಣಬೇಕೆಂದರೆ ಮೊದಲು ಕೇಳಿಬರುವ ಮಾತು: ವಿಂಡೋಸ್ ಸರ್ವರ್ ಕೊಳ್ಳದೆ ಆಗುವುದಿಲ್ಲ.

ಆಗುತ್ತದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಹೊರತಂದ ಸಾಂಬಾ ಎಂಬ ಉಚಿತ ತಂತ್ರಾಂಶ ಹಾಕಿದರೆ ಆ ಮೂಲೆಯ ಡೆಸ್ಕ್‌ಟಾಪೇ ಸರ್ವರ್. ಫೈಲ್ ಹಂಚಲು ವಿಂಡೋಸ್ ಬಳಸುವ ಎಸ್‌ಎಂಬಿ ಪದ್ಧತಿಯನ್ನೇ ಅದೂ ಬಳಸುತ್ತದೆ. 2013ರಿಂದ ಮ್ಯಾಕ್ ಕೂಡ ಎಸ್‌ಎಂಬಿಗೇ ಮೊದಲ ಮಣೆ ಹಾಕಿದೆ. ಇಂಟರ್ನೆಟ್ ಹೋದರೆ ಸರ್ವರೂ ಹೋಯಿತು ಎಂಬುದೂ ಸುಳ್ಳು. ಕಟ್ಟಡದೊಳಗಿನ ಕೇಬಲ್, ಸ್ವಿಚ್ ನಡೆಯುತ್ತಿದ್ದರೆ ಸಾಕು.

ಹೆಚ್ಚು ಜಗಳ ಆಗುವುದು ಕನ್ನಡ ಅಕ್ಷರಗಳ ಮೇಲೆ. "ಸರ್ವರ್‌ಗೆ ಹಾಕಿದ ಮೇಲೆ ಅಕ್ಷರ ಕೆಟ್ಟವು" ಎನ್ನುತ್ತಾರೆ. ಸರ್ವರ್ ಫೈಲಿನ ಒಳಗೆ ಕೈಯಾಡಿಸುವುದೇ ಇಲ್ಲ. 'ನುಡಿ 01 ಇ'ಯಂಥ ಹಳೆಯ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳು ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ಕಲಸುಮೇಲೋಗರ. ಅದೇ ಫೈಲನ್ನು ನುಡಿ ಇರುವ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಒಂದಕ್ಷರವೂ ಕೆಟ್ಟಿರುವುದಿಲ್ಲ. ಯೂನಿಕೋಡ್‌ಗೆ ಬದಲಿಸಿಕೊಂಡರೆ ಈ ಕಾಟ ತಪ್ಪುತ್ತದೆ.

ಫೈಲಿನ ಹೆಸರಿಗೆ ಮಾತ್ರ ಯೂನಿಕೋಡ್‌ನಲ್ಲೂ ಒಂದು ಪೇಚು ಉಂಟು. 'ಜವಳಗೇರಾ' ಕಣ್ಣಿಗೆ 5 ಅಕ್ಷರ. ಲಿನಕ್ಸ್ ಅದನ್ನು 7 ಸಂಕೇತವಾಗಿ, ಒಂದೊಂದಕ್ಕೆ 3ರಂತೆ 21 ಬೈಟ್‌ನಲ್ಲಿ ಇಡುತ್ತದೆ. ಹಳೆಯ ಮ್ಯಾಕ್ ಡಿಸ್ಕ್ 'ಗೇ'ಯ ದೀರ್ಘವನ್ನು ಬಿಡಿಸಿ ಬರೆಯುವುದರಿಂದ ಅಲ್ಲಿಂದ ಬರುವ ಹೆಸರು 24 ಬೈಟ್. ಆ ಹೆಸರಿನ ಫೋಲ್ಡರ್ ಸರ್ವರಿನಲ್ಲಿ ಮೊದಲೇ ಇದ್ದು, ಮ್ಯಾಕ್‌ನಿಂದ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಲ್ಲಿ ನೇರವಾಗಿ ನಕಲಿಸಿದರೆ ಒಂದೇ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ಕೂರುತ್ತವೆ. ಡಬಲ್ ಆಗಿದೆ ಎಂದು ಒಂದನ್ನು ಅಳಿಸುವ ಮುಂಚೆ ಎರಡನ್ನೂ ತೆರೆದು ನೋಡಿ. ಸರ್ವರಿನ ಫೋಲ್ಡರಿಗೆ ಇಂಗ್ಲಿಷ್ ಹೆಸರೇ ಇರಲಿ ಎಂದರೆ ಕನ್ನಡದ್ರೋಹ ಎನ್ನಬೇಡಿ!

ಫೋಲ್ಡರ್ ತೆರೆಯದಿದ್ದಾಗ "ಎಲ್ಲರಿಗೂ ಫುಲ್ ಪರ್ಮಿಷನ್ ಕೊಟ್ಟುಬಿಡಿ" ಎನ್ನುವವರದು ಸೋಮಾರಿತನ, ಅಷ್ಟೆ. ಸಾಂಬಾದ ಅನುಮತಿ, ಲಿನಕ್ಸಿನ ಅನುಮತಿ ಎರಡೂ ಇರಬೇಕು. ಒಂದು ಬೇಡವೆಂದರೂ ಬಾಗಿಲು ತೆರೆಯದು. ಮೇಲಾಗಿ ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಲಿನಕ್ಸ್ ಪಾಸ್‌ವರ್ಡ್ ಸರಿಯಿದ್ದರೂ ವಿಂಡೋಸಿನಿಂದ ಒಳಗೆ ಬಿಡದಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ. ಹಳೆಯ ಸ್ಕ್ಯಾನರ್ ಸೇರಿಸಲು ಎಸ್‌ಎಂಬಿ 1 ಆನ್ ಮಾಡಿ ಎಂಬ ಸಲಹೆಯಂತೂ ಬೇಡವೇ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕವೆಲ್ಲ ಹರಡಿದ್ದು ಆ ಕಿಂಡಿಯಿಂದಲೇ.

ಇನ್ನು, ಸರ್ವರಿನಲ್ಲಿದ್ದದ್ದು ಬ್ಯಾಕಪ್ ಆದಂತೆ ಎಂಬ ಧೈರ್ಯ. ನೆಟ್‌ವರ್ಕ್ ಫೋಲ್ಡರಿನಲ್ಲಿ ಅಳಿಸಿದ ಫೈಲ್ ನಿಮ್ಮ ವಿಂಡೋಸಿನ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಸಾಂಬಾದಲ್ಲಿ ಅದಕ್ಕೊಂದು ಬೇರೆ ಸೌಲಭ್ಯವಿದೆ, ಮೊದಲೇ ಆನ್ ಮಾಡಿಟ್ಟಿರಬೇಕು. ಡಿಸ್ಕೇ ಕೈಕೊಟ್ಟರೆ ಅದೂ ಇಲ್ಲ. ಬ್ಯಾಕಪ್‌ಗೆ ಬೇರೆಯದೇ ಡಿಸ್ಕ್ ಬೇಕು, ಕೆಲಸ ಮುಗಿದ ಮೇಲೆ ಬಿಚ್ಚಿ ಮನೆಗೆ ಒಯ್ಯುವಂಥದ್ದು.