ಹಳೆಯ ಸೊಂಟನೋವಿಗೆ ಯಾವ ಚಿಕಿತ್ಸೆ?

ಹೋಟೆಲ್ ಉದ್ಯಮದಲ್ಲಿ ಸೊಂಟನೋವು ಇಲ್ಲದವರು ಅಪರೂಪ. ದೋಸೆ ಕಾವಲಿಯ ಮುಂದೆ ಗಂಟೆಗಟ್ಟಲೆ ನಿಲ್ಲುವ ಭಟ್ಟರಿಗೂ, ಅಕ್ಕಿ ಮೂಟೆ ಎತ್ತುವ ಹುಡುಗರಿಗೂ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಲ್ಲಾದಲ್ಲಿ ಕೂರುವ ನಮಗೂ ಇದು ತಪ್ಪಿದ್ದಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಮೂರು ತಿಂಗಳು ಮೀರಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ನಿರ್ದಿಷ್ಟ ರೋಗದ ಕಾರಣ ಕಾಣದ ಇಂಥ ಸೊಂಟನೋವಿನ ಚಿಕಿತ್ಸೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಸದಸ್ಯರ ಉಪಯೋಗಕ್ಕಾಗಿ ಅದರ ಮುಖ್ಯಾಂಶಗಳನ್ನೂ ಇತರ ಮಾಹಿತಿಯನ್ನೂ ಇಲ್ಲಿ ಕೊಟ್ಟಿದ್ದೇವೆ.

ಮಾತ್ರೆ: ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದವು ನೋವು ತಗ್ಗಿಸುತ್ತವೆ ನಿಜ. ಆದರೆ ಮೆಡಿಕಲ್ ಶಾಪಿನಿಂದ ತಾವೇ ತಂದು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಬಿ.ಪಿ., ಹೃದ್ರೋಗ ಇರುವವರಿಗೆ ಅಪಾಯ ಹೆಚ್ಚು. ವೈದ್ಯರು ಹೇಳಿದಷ್ಟು ದಿನ ಮಾತ್ರ ಸಾಕು. ಅಫೀಮು ವರ್ಗದ ನೋವಿನ ಔಷಧಿಗಳು ಚಟ ಹಿಡಿಸುವುದರಿಂದ ಅವನ್ನು ಮಾರ್ಗಸೂಚಿ ಬೇಡವೆನ್ನುತ್ತದೆ.

ಬೆಲ್ಟ್, ಟ್ರ್ಯಾಕ್ಷನ್: ನಮ್ಮಲ್ಲಿ ಹೆಚ್ಚು ಹಣ ಹೋಗುವುದು ಇವುಗಳಿಗೇ. ಎರಡನ್ನೂ ಮಾರ್ಗಸೂಚಿ ಶಿಫಾರಸು ಮಾಡಿಲ್ಲ.

ವ್ಯಾಯಾಮ: ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮವನ್ನು ಬಿಡದೆ ಮಾಡುವುದನ್ನು ಶಿಫಾರಸು ಮಾಡಲಾಗಿದೆ. ಫಲ ಕಾಣಲು ವಾರಗಳು ಬೇಕು. ನಾಲ್ಕು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಪೂರ್ತಿ ಮಲಗಿ ವಿಶ್ರಾಂತಿ ಪಡೆದರೆ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ.

ಮಾಲಿಶ್, ಸಮಾಧಾನ: ಮಾಲಿಶ್‌ನಿಂದ ಕೆಲವರಿಗೆ ಅನುಕೂಲವಾಗುತ್ತದೆ. ನಿದ್ದೆಗೇಡು, ಚಿಂತೆ ನೋವನ್ನು ಹೆಚ್ಚಿಸುವುದರಿಂದ ಮನೋವೈದ್ಯಕೀಯ ಸಲಹೆಗೂ ಇಲ್ಲಿ ಸ್ಥಾನವಿದೆ.

ಸ್ಕ್ಯಾನ್, ಆಪರೇಷನ್: ನೋವೇ ಇಲ್ಲದ ಅನೇಕರ ಎಂ.ಆರ್.ಐ.ಯಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಆದ್ದರಿಂದ ರಿಪೋರ್ಟ್ ನೋಡಿ ಗಾಬರಿಯಾಗಿ ಆಪರೇಷನ್‌ಗೆ ಹೊರಡಬಾರದು. ಆದರೆ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಟ್ಟಿನಲ್ಲಿ, ಮಾತ್ರೆಯಿಂದ ಸಿಗುವುದು ಸ್ವಲ್ಪ ಕಾಲದ ಉಪಶಮನ. ಬಹುಕಾಲ ಕೈಹಿಡಿಯುವುದು ದೇಹದ ಚಲನೆ.

ಮಾಲೀಕರಾದ ನಾವೂ ಕೆಲವು ಕೆಲಸ ಮಾಡಬಹುದು. 50 ಕಿಲೋ ಮೂಟೆಯನ್ನು ಒಬ್ಬನೇ ಎತ್ತದಂತೆ ಟ್ರಾಲಿ ಕೊಡಿಸಬೇಕು. ತರಕಾರಿ ಹೆಚ್ಚುವ ಮೇಜು ಬಗ್ಗದೆ ನಿಲ್ಲುವ ಎತ್ತರದಲ್ಲಿರಬೇಕು. ಕಾವಲಿಯ ಪಾಳಿಯನ್ನು ಬದಲಾಯಿಸುತ್ತಿರಬೇಕು. ಇ.ಎಸ್.ಐ. ಇರುವ ನೌಕರರಿಗೆ ರಜೆ ಕೊಟ್ಟು ಅಲ್ಲಿಗೆ ಕಳುಹಿಸಬೇಕು. ನೋವೆಂದ ಹುಡುಗನ ಕೈಗೆ ಮಾತ್ರೆ ಕೊಟ್ಟು ಮತ್ತೆ ಒಲೆಯ ಮುಂದೆ ನಿಲ್ಲಿಸಿದರೆ, ಇಂದಿನ ಕೆಲಸ ನಡೆದೀತು. ಆದರೆ ಒಳ್ಳೆಯ ಕೆಲಸಗಾರನೊಬ್ಬನ ಆರೋಗ್ಯ ಹಾಳಾಗುತ್ತದೆ, ಕೊನೆಗೆ ಅವನನ್ನೇ ನಾವು ಕಳೆದುಕೊಳ್ಳಬೇಕಾದೀತು.